‘ಅಬ್ಲೈಜಿಂಗ್’ ಅಂತ ಬರೆದರೆ ಹೊಗಳಿದ ಹಾಗಾ, ಇಲ್ಲಾ ಸುಮ್ನೆ ಸಾಗಹಾಕಿದ ಹಾಗಾ?

ತಿಳಿಮೋಡ:

ಒಂದು ಇಂಗ್ಲಿಷ್ ಪದದ ಬಗ್ಗೆ ಸಂಶಯ. ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ಅವರಿಗೆ ನಾನು ಶಿಫಾರಸು ಪತ್ರ ಬರೆದುಕೊಡಬೇಕು. ಬರೆದು ಮುಗಿಸಿ ಓದಿದರೆ ಎಲ್ಲಿ ನೋಡಿದರೂ ‘ಹೆಲ್ಪ್‌ಫುಲ್’. ಮೊದಲ ಪ್ಯಾರಾದಲ್ಲೂ ಅದೇ, ಕೊನೆಯಲ್ಲೂ ಅದೇ. ಬದಲಿ ಪದ ಹುಡುಕಿದಾಗ ನಿಘಂಟಿನಲ್ಲಿ ‘ಅಬ್ಲೈಜಿಂಗ್’ ಸಿಕ್ಕಿತು. ಸಹಾಯ ಮಾಡಲು ಸಿದ್ಧವಿರುವ, ಅಂತ ಅರ್ಥ ಕೊಟ್ಟಿದ್ದಾರೆ. ‘ಶೀ ಈಸ್ ಆ್ಯನ್ ಅಬ್ಲೈಜಿಂಗ್ ಕಲೀಗ್’ ಅಂತ ಒಂದು ಸಾಲು ಹಾಕಿದೆ.

ಪತ್ರ ನೋಡಿದ ಒಬ್ಬರು ‘ಇದೇನು, ಹಳೇ ಕಾದಂಬರಿಯಿಂದ ಎದ್ದು ಬಂದ ಹಾಗಿದೆ’ ಅಂತ ನಕ್ಕರು. ಮತ್ತೊಬ್ಬರು ‘ಹೇಳಿದ್ದಕ್ಕೆಲ್ಲ ತಲೆ ಆಡಿಸುವವರು ಅನ್ನೋ ಅರ್ಥ ಬರುತ್ತೆ, ತೆಗೆದುಹಾಕಿ’ ಅಂದರು. ಈಗ ನನಗೆ ತಲೆ ಕೆಟ್ಟಿದೆ.

ಕೇಳಬೇಕಾಗಿರೋದು ಇಷ್ಟು. ಹೆಲ್ಪ್‌ಫುಲ್ ಇದ್ದ ಕಡೆಯೆಲ್ಲ ಅಬ್ಲೈಜಿಂಗ್ ಹಾಕಬಹುದಾ? ಎರಡಕ್ಕೂ ವ್ಯತ್ಯಾಸ ಏನು? ಇನ್ನೊಂದು, ‘ಐ ವಾಸ್ ಅಬ್ಲೈಜ್ಡ್ ಟು ಗೋ’ ಅಂದರೆ ‘ವಿಧಿಯಿಲ್ಲದೆ ಹೋಗಬೇಕಾಯಿತು’ ಅಂತ ಅಲ್ವಾ? ಬಲವಂತದ ಪದಕ್ಕೆ ಐಎನ್‌ಜಿ ಸೇರಿಸಿದ ಕೂಡಲೇ ಅದು ಹೇಗೆ ಒಳ್ಳೆ ಗುಣ ಆಗುತ್ತದೆ? ನಿಘಂಟಿನ ಅರ್ಥ ನನ್ನ ಹತ್ತಿರವೂ ಇದೆ, ದಯವಿಟ್ಟು ಅದನ್ನೇ ಮತ್ತೆ ಅಂಟಿಸಬೇಡಿ. ಬಳಸಿ ಗೊತ್ತಿರುವವರು ಹೇಳಿ.


ಪದಜಗಲಿ:

ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಎಲ್ಲ ಕಡೆ ಹಾಕೋಕೆ ಆಗಲ್ಲ.

ಹೆಲ್ಪ್‌ಫುಲ್ ಅನ್ನೋದು ಫಲದ ಮಾತು. ಯಾರಿಗೋ ಏನೋ ಪ್ರಯೋಜನ ಆಯಿತು ಅಂತ ಅರ್ಥ. ಅದಕ್ಕೇ ಅದನ್ನು ಮನುಷ್ಯರಿಗೂ ಹೇಳಬಹುದು, ವಸ್ತುವಿಗೂ ಹೇಳಬಹುದು. ಪುಸ್ತಕ ಹೆಲ್ಪ್‌ಫುಲ್, ನಕ್ಷೆ ಹೆಲ್ಪ್‌ಫುಲ್, ಯಾರೋ ಕೊಟ್ಟ ಸಲಹೆ ಹೆಲ್ಪ್‌ಫುಲ್. ಅಬ್ಲೈಜಿಂಗ್ ಅನ್ನೋದು ಮನಸ್ಸಿನ ಮಾತು. ಕೇಳಿದರೆ ಇಲ್ಲ ಅನ್ನದೆ, ಮುಖ ಸಿಂಡರಿಸದೆ, ಖುಷಿಯಿಂದಲೇ ಮಾಡಿಕೊಡುವ ಸ್ವಭಾವ. ಪುಸ್ತಕಕ್ಕೆ ಸ್ವಭಾವ ಇಲ್ಲ, ಹಾಗಾಗಿ ‘ಆ್ಯನ್ ಅಬ್ಲೈಜಿಂಗ್ ಬುಕ್’ ಅಂತ ಯಾರೂ ಬರೆಯುವುದಿಲ್ಲ.

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರ ಹತ್ತಿರ ಏನು ಕೇಳಿದರೂ ಗೊಣಗುತ್ತಾರೆ, ಮುಖ ಕೊಟ್ಟು ಮಾತಾಡಲ್ಲ, ಆದರೆ ಕೊನೆಗೆ ಅವರು ಹೇಳಿದ ಒಂದೇ ಸಾಲಿನಿಂದ ನಿಮ್ಮ ಇಡೀ ದಿನದ ತೊಂದರೆ ಬಗೆಹರಿಯುತ್ತದೆ. ಅವರು ಹೆಲ್ಪ್‌ಫುಲ್, ಆದರೆ ಅಬ್ಲೈಜಿಂಗ್ ಅಲ್ಲ. ಇನ್ನೊಬ್ಬರು ಕೇಳಿದ್ದೇ ತಡ ಎದ್ದು ಬರುತ್ತಾರೆ, ಪಕ್ಕದಲ್ಲೇ ಕೂತು ಗಂಟೆಗಟ್ಟಲೆ ಒದ್ದಾಡುತ್ತಾರೆ, ಕೊನೆಗೆ ಏನೂ ಸರಿಹೋಗಿರುವುದಿಲ್ಲ. ಅವರು ಅಬ್ಲೈಜಿಂಗ್, ಆದರೆ ಆವತ್ತಿನ ಮಟ್ಟಿಗೆ ಹೆಲ್ಪ್‌ಫುಲ್ ಅಲ್ಲ. ನಿಮ್ಮ ಪತ್ರದಲ್ಲಿ ಎಲ್ಲಿ ಯಾವುದು ಬೇಕು ಅನ್ನೋದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಅಬ್ಲೈಜಿಂಗ್ ಅನ್ನುವಾಗ ಹಿಂದೆ ಎಲ್ಲೋ ಒಂದು ಕೋರಿಕೆ ಇರುತ್ತದೆ. ಯಾರೋ ಕೇಳಿದ್ದಾರೆ, ಅಥವಾ ಕೇಳಬೇಕು ಅಂತ ಅಂದುಕೊಂಡಿದ್ದು ಇವರಿಗೆ ಗೊತ್ತಾಗಿದೆ. ಯಾರೂ ಕೇಳದೆ ತಾನಾಗಿ ಬಂದು ದೊಡ್ಡ ಜವಾಬ್ದಾರಿ ಹೊತ್ತುಕೊಳ್ಳುವವರಿಗೆ ಈ ಪದ ಸಾಲದು. ಅಬ್ಲೈಜಿಂಗ್ ಅನ್ನಿಸಿಕೊಳ್ಳುವ ಕೆಲಸಗಳು ಸಾಮಾನ್ಯವಾಗಿ ಚಿಕ್ಕವು: ಬಾಗಿಲು ಹಿಡಿದು ನಿಲ್ಲುವುದು, ದಾರಿ ತೋರಿಸಲು ನಾಲ್ಕು ಹೆಜ್ಜೆ ಜೊತೆಗೆ ಬರುವುದು, ಒಂದು ಕಡತ ಹುಡುಕಿಕೊಡುವುದು. ಮುಳುಗುತ್ತಿದ್ದವರನ್ನು ನೀರಿಗೆ ಹಾರಿ ಎಳೆದು ತಂದವರನ್ನು ‘ವೆರಿ ಅಬ್ಲೈಜಿಂಗ್’ ಅಂದರೆ ತಮಾಷೆ ಮಾಡಿದ ಹಾಗಾಗುತ್ತದೆ.

‘ಅಕಾಮಡೇಟಿಂಗ್’ ಅಂತಲೂ ಒಂದಿದೆಯಲ್ಲ, ಅದನ್ನು ಇದರ ಜೊತೆ ಬೆರೆಸಬೇಡಿ. ಅದು ತನ್ನ ಅನುಕೂಲ ಸ್ವಲ್ಪ ಸರಿಸಿ ಇನ್ನೊಬ್ಬರಿಗೆ ಜಾಗ ಮಾಡಿಕೊಡುವ ಗುಣ. ನಿಮಗೋಸ್ಕರ ತಮ್ಮ ಮೀಟಿಂಗ್ ಹೊತ್ತು ಬದಲಿಸಿದವರು ಅಕಾಮಡೇಟಿಂಗ್. ನಿಮ್ಮ ಬ್ಯಾಗ್ ಎತ್ತಿಕೊಟ್ಟವರು ಅಬ್ಲೈಜಿಂಗ್. ಎರಡೂ ಮಾಡುವವರು ಇರುತ್ತಾರೆ, ಪುಣ್ಯಾತ್ಮರು.


ಹಳೆಗನ್ನಡಕ:

ಪದಜಗಲಿ ಅವರು ಬಳಕೆ ಹೇಳಿದ್ದಾರೆ, ನಾನು ಎರಡನೇ ಪ್ರಶ್ನೆಗೆ ಬರುತ್ತೇನೆ. ನನಗೆ ಇಷ್ಟವಾದ ಭಾಗ ಅದೇ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಬಲವಂತದ ಪದ ಒಳ್ಳೆ ಗುಣ ಹೇಗೆ ಆಯಿತು ಅಂತ ಕೇಳಿದಿರಿ. ಲ್ಯಾಟಿನ್‌ನಲ್ಲಿ ‘ಲಿಗಾರೆ’ ಅಂದರೆ ಕಟ್ಟು. ಮೂಳೆಗೆ ಮೂಳೆ ಕಟ್ಟುವ ‘ಲಿಗಮೆಂಟ್’ ಅಲ್ಲಿಂದಲೇ ಬಂದದ್ದು. ಅದರ ಮುಂದೆ ‘ಓಬ್’ ಸೇರಿ ‘ಓಬ್ಲಿಗಾರೆ’ ಆಯಿತು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಮೊದಲು ಅದಕ್ಕಿದ್ದ ಅರ್ಥ ಆಣೆ, ಪ್ರಮಾಣ, ಕರಾರಿನಿಂದ ಒಬ್ಬನನ್ನು ಕಟ್ಟಿಹಾಕುವುದು ಅಂತ. ಕಾನೂನಿನ ಪದ. ‘ಆಬ್ಲಿಗೇಷನ್’ನಲ್ಲಿ ಆ ಗಂಟು ಇನ್ನೂ ಹಾಗೇ ಇದೆ.

ಈಗ ನೋಡಿ, ಯಾರಾದರೂ ನಮಗೆ ಉಪಕಾರ ಮಾಡಿದರೆ ಏನಾಗುತ್ತದೆ? ನಾವು ಅವರ ಹಂಗಿಗೆ ಬೀಳುತ್ತೇವೆ. ಉಪಕಾರವೂ ಒಂದು ಕಟ್ಟು. ಇಂಗ್ಲಿಷಿನವರು ‘ಯೂ ಹ್ಯಾವ್ ಅಬ್ಲೈಜ್ಡ್ ಮಿ’ ಅಂದಾಗ ‘ನಿಮ್ಮ ಉಪಕಾರದಿಂದ ನನ್ನನ್ನು ಕಟ್ಟಿಹಾಕಿದಿರಿ’ ಅಂತಲೇ ಹೇಳುತ್ತಿದ್ದರು. ಅಲ್ಲಿಂದ ‘ಅಬ್ಲೈಜ್’ಗೆ ಉಪಕಾರ ಮಾಡು ಅನ್ನೋ ಅರ್ಥ ಬಂತು. ಹಾಗೆ ಉಪಕಾರ ಮಾಡುತ್ತಾ ಇರುವವರ ಗುಣಕ್ಕೆ ಅಬ್ಲೈಜಿಂಗ್ ಅನ್ನುವುದು 17ನೇ ಶತಮಾನದಲ್ಲಿ ಬಳಕೆಗೆ ಬಂತು. ಅಂದರೆ ಕಟ್ಟಿಸಿಕೊಳ್ಳುವವನು ‘ಅಬ್ಲೈಜ್ಡ್’, ಕಟ್ಟುವವನು ‘ಅಬ್ಲೈಜಿಂಗ್’. ನಿಮ್ಮ ಗೊಂದಲ ಪದದ್ದಲ್ಲ, ದಿಕ್ಕಿನದು. ಹಗ್ಗದ ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ.

ಕನ್ನಡಕ್ಕೆ ಇದು ಹೊಸದೇನಲ್ಲ. ‘ನಿಮಗೆ ಆಭಾರಿ’ ಅನ್ನುತ್ತೇವಲ್ಲ, ಅದರೊಳಗೆ ‘ಭಾರ’ ಕೂತಿದೆ. ‘ಋಣಿ’ ಅಂದರೆ ಸಾಲಗಾರ. ನಾವು ಹೊರೆ ಅಂತೀವಿ, ಸಾಲ ಅಂತೀವಿ, ಅವರು ಕಟ್ಟು ಅಂತಾರೆ. ಉಪಕಾರ ಪಡೆದವರಿಗೆ ಹಗುರ ಅನ್ನಿಸುವುದಿಲ್ಲ ಅನ್ನೋದು ಎರಡೂ ಕಡೆಯವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಇದಕ್ಕಿಂತ ಮಜಾ ಕೊಡೋದು ಅಬ್ಲೈಜಿಂಗ್‌ನ ನೆಂಟರ ಕಥೆ. ‘ಅಫೀಶಿಯಸ್’ ಅನ್ನೋ ಪದ ಇದೆ. ಈಗ ಅದು ಬೈಗುಳ. ಯಾರೂ ಕರೆಯದಿದ್ದರೂ ಬಂದು ಹಾಗೆ ಮಾಡಿ, ಹೀಗೆ ಮಾಡಿ ಅಂತ ಅಧಿಕಾರ ನಡೆಸುವವರು ಅಂತ ಅರ್ಥ, ನಮ್ಮ ಭಾಷೆಯಲ್ಲಿ ಅಧಿಕಪ್ರಸಂಗಿಗೆ ಹತ್ತಿರ. ಆದರೆ ಅದರ ಮೂಲ ಅರ್ಥ ಕರ್ತವ್ಯ ಅರಿತು ನಡೆಯುವವರು, ಸೇವೆ ಮಾಡಲು ಮುಂದಾಗುವವರು ಅಂತ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನಲ್ಲಿ ದಯೆಯುಳ್ಳ, ಉಪಕಾರ ಮಾಡುವ ಅನ್ನೋ ಅರ್ಥವನ್ನೇ ಮೊದಲು ಕೊಟ್ಟು, ಮೇಲೆ ಬಿದ್ದು ಬರುವ ಅನ್ನುವುದನ್ನು ಎರಡನೆಯದಾಗಿ ಕೊಟ್ಟಿದ್ದಾರೆ. ಮೊದಲನೆಯದು ಸತ್ತುಹೋಯಿತು, ಎರಡನೆಯದು ಉಳಿಯಿತು. ‘ಅಬ್ಸೀಕ್ವಿಯಸ್’ ಗತಿಯೂ ಅದೇ. ಮೊದಲು ಹೇಳಿದ ಮಾತು ಕೇಳುವ ವಿಧೇಯ ಅಂತಿತ್ತು, ಈಗ ಹಲ್ಲು ಗಿಂಜುವವನು ಅಂತ ಆಗಿದೆ.

ಉಪಕಾರದ ಪದಗಳು ಹೀಗೆ ಒಂದೊಂದೇ ಹುಳಿಯುತ್ತಾ ಹೋಗಿರುವಾಗ ಅಬ್ಲೈಜಿಂಗ್ ಮಾತ್ರ ಹೆಚ್ಚು ಕಡಿಮೆ ಕೆಡದೆ ಉಳಿದಿದೆ. ಹಾಗಂತ ಅದನ್ನು ಯಾರೂ ಅನುಮಾನಿಸಲಿಲ್ಲ ಅಂತಲ್ಲ. ಕವಿ ಅಲೆಕ್ಸಾಂಡರ್ ಪೋಪ್ 1735ರಲ್ಲಿ ಪ್ರಕಟವಾದ ಪದ್ಯವೊಂದರಲ್ಲಿ ಒಬ್ಬ ದೊಡ್ಡ ಮನುಷ್ಯನನ್ನು ಕುಟುಕುತ್ತಾ, ಆತ ಎಷ್ಟು ಅಬ್ಲೈಜಿಂಗ್ ಅಂದರೆ ಯಾರಿಗೂ ಯಾವತ್ತೂ ಅಬ್ಲೈಜ್ ಮಾಡಲಿಲ್ಲ ಅಂತ ಬರೆದಿದ್ದಾರೆ. ಮಾತಿನಲ್ಲಿ ಬೆಣ್ಣೆ, ಕೆಲಸದಲ್ಲಿ ಸೊನ್ನೆ. ಮೇಲೆ ಪದಜಗಲಿ ಮಾಡಿದ ಮನಸ್ಸು ಮತ್ತು ಫಲದ ವ್ಯತ್ಯಾಸ ಆ ಒಂದು ಸಾಲಿನಲ್ಲೇ ಇದೆ ನೋಡಿ.


ಕೊಕ್ಕೆಪ್ರಶ್ನೆ:

ಚರಿತ್ರೆ ಚೆನ್ನಾಗಿದೆ ಗುರೂ, ಆದರೆ ಪ್ರಶ್ನೆ ಕೇಳಿದವರು ಪತ್ರ ಕಳಿಸಬೇಕು. ಅದಕ್ಕೆ ಮುಂಚೆ ಎರಡು ಕೊಕ್ಕೆ ಹಾಕುತ್ತೇನೆ.

ಒಂದು ವ್ಯಾಕರಣದ್ದು. ಅಬ್ಲೈಜಿಂಗ್ ಅಂತ ಕಂಡದ್ದೆಲ್ಲ ಗುಣವಾಚಕ ಅಲ್ಲ. ‘ಎ ರೂಲ್ ಅಬ್ಲೈಜಿಂಗ್ ಡ್ರೈವರ್ಸ್ ಟು ವೇರ್ ಸೀಟ್‌ಬೆಲ್ಟ್ಸ್’ ಅಂದರೆ ಚಾಲಕರು ಸೀಟ್‌ಬೆಲ್ಟ್ ಹಾಕಲೇಬೇಕು ಅನ್ನುವ ನಿಯಮ. ಇಲ್ಲಿ ಉಪಕಾರವೂ ಇಲ್ಲ, ನಗುಮುಖವೂ ಇಲ್ಲ, ಬರೀ ಬಲವಂತ. ಇದು ಕ್ರಿಯಾಪದದ ರೂಪ. ಗುರುತಿಸುವುದು ಸುಲಭ, ಅದರ ಹಿಂದೆ ‘ವೆರಿ’ ಸೇರಿಸಿ ನೋಡಿ. ‘ಎ ವೆರಿ ಅಬ್ಲೈಜಿಂಗ್ ಕ್ಲರ್ಕ್’ ಸರಿಯಾಗಿ ಕೇಳಿಸುತ್ತದೆ. ‘ಎ ರೂಲ್ ವೆರಿ ಅಬ್ಲೈಜಿಂಗ್ ಡ್ರೈವರ್ಸ್’ ಅನ್ನೋಕೆ ಆಗುವುದೇ ಇಲ್ಲ. ಅಬ್ಲೈಜಿಂಗ್ ಆದಮೇಲೆ ಯಾರನ್ನು ಅನ್ನೋ ಪ್ರಶ್ನೆಗೆ ಉತ್ತರ ಬಂತು ಅಂದರೆ ಅದು ಕಟ್ಟುಪಾಡಿನ ಮಾತು ಅಂತ ತಿಳಿದುಕೊಳ್ಳಿ.

ಇದೇ ಮನೆಯ ಇನ್ನೊಂದು ಪದ ‘ಅಬ್ಲಿಗೇಟ್’. ಜೀವಶಾಸ್ತ್ರದಲ್ಲಿ ಅದು ಗುಣವಾಚಕ, ಬೇರೆ ದಾರಿಯೇ ಇಲ್ಲದ ಅಂತ ಅರ್ಥ. ಬೆಕ್ಕು ಅಬ್ಲಿಗೇಟ್ ಕಾರ್ನಿವೋರ್, ಅಂದರೆ ಮಾಂಸ ಬಿಟ್ಟು ಬದುಕಲಾರದ ಪ್ರಾಣಿ. ಅಬ್ಲೈಜಿಂಗ್ ಅಂತೂ ಖಂಡಿತ ಅಲ್ಲ, ಬೆಕ್ಕು ಸಾಕಿದವರನ್ನು ಕೇಳಿ.

ಎರಡನೇ ಕೊಕ್ಕೆ ಮುಖ್ಯ. ಹಳೆಗನ್ನಡಕ ಅವರು ಕೆಡದೆ ಉಳಿದ ಪದ ಅಂದರು, ನಾನು ಪೂರ್ತಿ ಒಪ್ಪಲ್ಲ. ಪಕ್ಕದಲ್ಲಿ ಯಾವ ನಾಮಪದ ಕೂತಿದೆ ಅನ್ನುವುದರ ಮೇಲೆ ಅದರ ಬಣ್ಣ ಬದಲಾಗುತ್ತದೆ. ‘ಅಬ್ಲೈಜಿಂಗ್ ನೇಬರ್’ ಅಂದರೆ ಒಳ್ಳೆ ನೆರೆಯವರು. ‘ಅಬ್ಲೈಜಿಂಗ್ ವಿಟ್ನೆಸ್’ ಅಂದರೆ? ಏನು ಹೇಳಿಕೊಟ್ಟರೆ ಅದನ್ನೇ ಹೇಳುವ ಸಾಕ್ಷಿ. ‘ಅಬ್ಲೈಜಿಂಗ್ ಆಡಿಟರ್’ ಅಂದರೆ ಲೆಕ್ಕದಲ್ಲಿ ತೂತು ಕಂಡರೂ ಕಾಣದ ಹಾಗೆ ಸಹಿ ಹಾಕುವವರು. ಇಲ್ಲ ಅನ್ನಬೇಕಾದ ಜಾಗದಲ್ಲಿ ಕೂತವರಿಗೆ ಈ ಪದ ಹಚ್ಚಿದರೆ ಹೊಗಳಿಕೆ ತಿರುಗುಬಾಣ ಆಗುತ್ತದೆ. ನ್ಯಾಯಾಧೀಶರು, ಪರೀಕ್ಷಕರು, ಗುಣಮಟ್ಟ ನೋಡುವವರು, ಇವರೆಲ್ಲ ಅಬ್ಲೈಜಿಂಗ್ ಆಗಿರಬಾರದು. ಪತ್ರಿಕೆಯಲ್ಲಿ ಯಾರನ್ನಾದರೂ ಹೆಸರು ಕೆಡಿಸದೆ ಚುಚ್ಚಬೇಕು ಅಂದಾಗ ಇದೇ ಪದ ಕೈಗೆ ಬರುತ್ತದೆ.

ಹಾಗಾಗಿ ತಿಳಿಮೋಡ ಅವರೇ, ನಿಮ್ಮ ಸಹೋದ್ಯೋಗಿ ಮಾಡುವ ಕೆಲಸ ಏನು? ಅದು ಗೊತ್ತಾಗದೆ ಈ ಪದ ಹಾಕಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ.


ತಿಳಿಮೋಡ:

ಎಲ್ಲರಿಗೂ ಥ್ಯಾಂಕ್ಸ್. ಅವರು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾರೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಸರಿಯಾಗುವ ತನಕ ಬಿಡುಗಡೆ ಆಗದ ಹಾಗೆ ತಡೆಯುವ ಕೆಲಸ. ಕೊಕ್ಕೆಪ್ರಶ್ನೆ ಅವರ ಆಡಿಟರ್ ಉದಾಹರಣೆ ಓದಿ ಎದೆ ಧಸಕ್ ಅಂತು.

ಆದರೂ ಒಂದು ಮಾತು. ಅವರು ಹೊಸಬರಿಗೆ ಕೂತು ಹೇಳಿಕೊಡುತ್ತಾರೆ, ಯಾರು ಯಾವಾಗ ಕೇಳಿದರೂ ಬೇಸರ ಮಾಡಿಕೊಳ್ಳಲ್ಲ. ಆ ಗುಣ ಪತ್ರದಲ್ಲಿ ಬರಲೇಬೇಕು ಅಂತ ನನ್ನ ಆಸೆ. ಅದನ್ನು ಬಿಟ್ಟರೆ ಅವರಿಗೇ ಅನ್ಯಾಯ ಮಾಡಿದ ಹಾಗೆ.


ಗೆರೆಮೀರಿ:

ನಾನು ನೇಮಕಾತಿ ಕಡೆ ಕೂತು ಇಂಥ ಪತ್ರಗಳನ್ನು ಓದುವವಳು. ಪದ ಸರಿಯೋ ತಪ್ಪೋ ಅನ್ನುವುದಕ್ಕಿಂತ ಓದುವವರ ತಲೆಯಲ್ಲಿ ಏನು ಉಳಿಯುತ್ತದೆ ಅಂತ ಯೋಚಿಸಿ. ಅಬ್ಲೈಜಿಂಗ್, ಹೆಲ್ಪ್‌ಫುಲ್, ಕೈಂಡ್, ಪ್ಲೆಸೆಂಟ್ ಅಂತ ಸಾಲು ಸಾಲಾಗಿ ಬಂದರೆ ನನಗೆ ಅನ್ನಿಸುವುದು: ಪಾಪ, ಒಳ್ಳೆಯವರು ಇರಬೇಕು, ಆದರೆ ಕೆಲಸದ ಬಗ್ಗೆ ಹೇಳೋಕೆ ಇವರಿಗೆ ಏನೂ ಸಿಗಲಿಲ್ಲವೇ?

ಇದು ನನ್ನೊಬ್ಬಳ ಗೊಣಗಾಟ ಅಲ್ಲ. ಮಡೇರಾ, ಹೆಬ್ಲ್, ಮಾರ್ಟಿನ್ ಅನ್ನುವ ಮೂವರು ಸಂಶೋಧಕರು ವಿಶ್ವವಿದ್ಯಾಲಯದ ಹುದ್ದೆಗಳಿಗೆ ಬಂದ ಶಿಫಾರಸು ಪತ್ರಗಳನ್ನು ಓದಿ 2009ರಲ್ಲಿ ಅಧ್ಯಯನ ಪ್ರಕಟಿಸಿದರು. ಹೆಂಗಸರ ಬಗ್ಗೆ ಬರೆದ ಪತ್ರಗಳಲ್ಲಿ ಹೆಲ್ಪ್‌ಫುಲ್, ಕೈಂಡ್ ಥರದ, ಇನ್ನೊಬ್ಬರ ಬಗ್ಗೆ ಕಾಳಜಿ ತೋರಿಸುವ ಪದಗಳು ಗಂಡಸರ ಪತ್ರಗಳಿಗಿಂತ ಜಾಸ್ತಿ ಇದ್ದವು. ಮುನ್ನುಗ್ಗುವ, ತೀರ್ಮಾನ ತೆಗೆದುಕೊಳ್ಳುವ ಗುಣ ಹೇಳುವ ಪದಗಳು ಕಡಿಮೆ ಇದ್ದವು. ಕಾಳಜಿಯ ಪದಗಳು ಹೆಚ್ಚಾದಷ್ಟೂ ಓದಿದವರು ಆ ಅಭ್ಯರ್ಥಿಗೆ ಕಡಿಮೆ ಅಂಕ ಕೊಡುವ ಕಡೆ ವಾಲಿದರು. ಬರೆದವರು ಕೆಟ್ಟ ಉದ್ದೇಶದಿಂದ ಬರೆದದ್ದಲ್ಲ, ನಿಮ್ಮ ಹಾಗೆಯೇ ಪ್ರೀತಿಯಿಂದಲೇ ಬರೆದಿರುತ್ತಾರೆ. ಆದರೂ ಹೊಗಳಿಕೆಯೇ ಕಾಲಿಗೆ ತೊಡರಿತು.

ನೀವು ಬರೆಯುತ್ತಿರುವುದೂ ಒಬ್ಬ ಹೆಣ್ಣುಮಗಳ ಬಗ್ಗೆ. ಒಮ್ಮೆ ಇದನ್ನು ಮಾಡಿ ನೋಡಿ. ಅದೇ ಪತ್ರ ತಂಡದಲ್ಲಿರುವ ಗಂಡಸೊಬ್ಬರಿಗೆ ಬರೆಯುತ್ತಿದ್ದರೆ ಅಬ್ಲೈಜಿಂಗ್ ಅಂತ ಬರೆಯುತ್ತಿದ್ದಿರಾ? ಬರೆಯುತ್ತಿದ್ದೆ ಅಂತಾದರೆ ಸರಿ. ಕೈ ತಡೆಯಿತು ಅಂದರೆ ಅಲ್ಲೇನೋ ಇದೆ.

ಗುಣವಾಚಕ ಬಿಡಿ, ಕ್ರಿಯಾಪದ ಬಳಸಿ. ಅವರು ಸಹಾಯ ಮಾಡುವ ಗುಣದವರು ಅನ್ನುವ ಬದಲು ಏನು ಮಾಡಿದರು ಅಂತ ಹೇಳಿ. ಹೊಸಬರಿಗೆ ಹೇಳಿಕೊಟ್ಟರು ಅಂದಿರಲ್ಲ, ಅದು ‘ಟ್ರೇನ್ಡ್’. ತಪ್ಪಿರುವ ಬಿಡುಗಡೆ ತಡೆದರು ಅಂದಿರಲ್ಲ, ಅದು ‘ಸ್ಟಾಪ್ಡ್’. ಆ ಎರಡು ಪದ ಕೊಡುವಷ್ಟು ತೂಕ ಯಾವ ಅಬ್ಲೈಜಿಂಗೂ ಕೊಡುವುದಿಲ್ಲ.


ಪದಜಗಲಿ:

ಗೆರೆಮೀರಿ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ಒಂದು ಕಡೆ ತಕರಾರು ಇದೆ. ಕಾಳಜಿಯ ಪದ ಕಂಡ ಕೂಡಲೇ ಕಡಿಮೆ ಅಂಕ ಕೊಡುವವರದ್ದು ತಪ್ಪು, ಪದದ್ದಲ್ಲ. ಟೆಸ್ಟಿಂಗ್ ಮಾಡುವವರು ಒರಟಾಗಿದ್ದರೆ ಅವರ ಹತ್ತಿರ ಯಾರೂ ತಮ್ಮ ಅರೆಬರೆ ಕೆಲಸ ತಂದು ತೋರಿಸುವುದಿಲ್ಲ, ಮುಚ್ಚಿಡುತ್ತಾರೆ. ಅಬ್ಲೈಜಿಂಗ್ ಆಗಿರುವವರ ಹತ್ತಿರ ಮಾತ್ರ ‘ಇದೊಂದು ಸ್ವಲ್ಪ ನೋಡಿಕೊಡ್ತೀರಾ’ ಅಂತ ಮೊದಲೇ ಬರುತ್ತಾರೆ. ತಪ್ಪು ಬೇಗ ಸಿಗುವುದೇ ಹಾಗೆ. ಅಂದರೆ ಆ ಗುಣವೂ ಅವರ ಕಸುಬಿನ ಭಾಗವೇ. ಅದನ್ನು ಪತ್ರದಿಂದ ಒರೆಸಿಹಾಕಿ ಬರೀ ‘ಸ್ಟಾಪ್ಡ್’ ಅಂತ ಬರೆದರೆ ಪೊಲೀಸಿನವರ ಪರಿಚಯ ಮಾಡಿಕೊಟ್ಟ ಹಾಗಿರುತ್ತದೆ.

ಹಾಗಾಗಿ ಗುಣ ಇರಲಿ, ಅದರ ಬೆನ್ನಿಗೇ ಕೆಲಸ ಇರಲಿ. ಎರಡನ್ನೂ ಒಂದೇ ವಾಕ್ಯದಲ್ಲಿ ತನ್ನಿ.

ಪದ ಹಳೇದಾಯಿತು ಅಂದವರ ಮಾತಿಗೂ ಉತ್ತರ ಕೊಡುತ್ತೇನೆ. ಹೌದು, ಮಾತಿನಲ್ಲಿ ಈಗ ಕಡಿಮೆ. ಹುಡುಗರು ಹರಟುವಾಗ ‘ಹೀ ಈಸ್ ಸೋ ಅಬ್ಲೈಜಿಂಗ್’ ಅನ್ನುವುದನ್ನು ಕೇಳಲ್ಲ, ‘ಹೆಲ್ಪ್‌ಫುಲ್’ ಇಲ್ಲಾ ‘ನೈಸ್’ ಅಂತಾರೆ. ಬರವಣಿಗೆಯಲ್ಲಿ ಇದೆ. ಹೋಟೆಲ್ ಸಿಬ್ಬಂದಿಯ ಬಗ್ಗೆ, ಗ್ರಂಥಾಲಯದವರ ಬಗ್ಗೆ, ಸ್ವಲ್ಪ ನಯವಾದ ಧಾಟಿಯಲ್ಲಿ ಬರೆಯುವವರು ಬಳಸುತ್ತಾರೆ.

‘ಅಬ್ಲೈಜಿಂಗ್ಲಿ’ ಅನ್ನೋ ರೂಪ ಇನ್ನೂ ಜೀವಂತ, ಅದೂ ತಮಾಷೆಗೆ. ಜೀವವಿಲ್ಲದ ವಸ್ತುವಿಗೆ ಅಬ್ಲೈಜಿಂಗ್ ಹೇಳಲ್ಲ ಅಂದೆನಲ್ಲ, ಇಲ್ಲಿ ಮಾತ್ರ ಬೇಕಂತಲೇ ಹೇಳುತ್ತಾರೆ. ‘ದಿ ರೈನ್ ಅಬ್ಲೈಜಿಂಗ್ಲಿ ಸ್ಟಾಪ್ಡ್’ ಅಂದರೆ ಮಳೆ ದೊಡ್ಡ ಮನಸ್ಸು ಮಾಡಿ ನಿಂತಿತು. ಕ್ಯಾಮೆರಾ ತೆಗೆದಾಗ ಹಕ್ಕಿ ಅಬ್ಲೈಜಿಂಗ್ಲಿ ತಲೆ ತಿರುಗಿಸಿತು. ಕಳ್ಳ ಓಡುವಾಗ ತನ್ನ ಗುರುತಿನ ಚೀಟಿಯನ್ನು ಅಬ್ಲೈಜಿಂಗ್ಲಿ ಬೀಳಿಸಿ ಹೋದ. ಈ ಕೊನೆಯ ಬಗೆಯ ವಾಕ್ಯ ಸುದ್ದಿ ಬರಹಗಳಲ್ಲಿ ಸಿಗುತ್ತದೆ, ಓದುವಾಗ ಅದನ್ನು ನಿಜವಾದ ಉಪಕಾರ ಅಂತ ಓದಿಕೊಂಡರೆ ನಗು ತಪ್ಪಿಹೋಗುತ್ತದೆ.

ಎದುರು ಪದ ಬೇಕಿದ್ದರೆ ‘ಡಿಸಬ್ಲೈಜಿಂಗ್’. ಸಹಾಯ ಮಾಡಲು ಆಗದವರು ಅಂತಲ್ಲ, ಮಾಡಬಹುದಾಗಿದ್ದರೂ ಬೇಕಂತಲೇ ಮಾಡದವರು. ಕಿಟಕಿಯ ಆಚೆ ಕೂತು, ನಿಮ್ಮನ್ನು ನೋಡಿಯೂ ನೋಡದ ಹಾಗೆ ಪೆನ್ನು ತಿರುಗಿಸುತ್ತಾ ಇರುವವರನ್ನು ನೆನೆಸಿಕೊಳ್ಳಿ.


ಕೊಕ್ಕೆಪ್ರಶ್ನೆ:

ಟೆಸ್ಟಿಂಗ್ ಅಂತ ಗೊತ್ತಾದ ಮೇಲೆ ನನ್ನ ಮತ ಹೇಳುತ್ತೇನೆ. ಸುಮ್ನೆ ‘ಅಬ್ಲೈಜಿಂಗ್ ಕಲೀಗ್’ ಅಂತ ಒಂಟಿಯಾಗಿ ಬಿಡಬೇಡಿ. ಯಾರಿಗೆ ಅಬ್ಲೈಜಿಂಗ್, ಯಾವ ವಿಷಯಕ್ಕೆ ಅಲ್ಲ, ಎರಡನ್ನೂ ಹೇಳಿ. ಹೊಸಬರ ಪ್ರಶ್ನೆಗಳಿಗೆ ಅಬ್ಲೈಜಿಂಗ್, ಗುಣಮಟ್ಟದ ವಿಷಯದಲ್ಲಿ ಒಂದಿಂಚೂ ಅಲ್ಲ. ಇಂಗ್ಲಿಷಿನಲ್ಲಿ ‘ಅಬ್ಲೈಜಿಂಗ್ ವಿತ್ ಹರ್ ಟೈಮ್, ಬಟ್ ನೆವರ್ ವಿತ್ ಹರ್ ಸ್ಟ್ಯಾಂಡರ್ಡ್ಸ್’. ಆಗ ನನ್ನ ಆಡಿಟರ್ ಅನುಮಾನವೂ ಹೋಗುತ್ತದೆ, ಗೆರೆಮೀರಿ ಅವರ ‘ಪಾಪ ಒಳ್ಳೆಯವರು’ ಅನ್ನುವುದೂ ಹೋಗುತ್ತದೆ.

ಮತ್ತೆ ದಾಕ್ಷಿಣ್ಯವನ್ನೂ ಅಬ್ಲೈಜಿಂಗನ್ನೂ ಒಂದೇ ಅಂತ ತಿಳಿಯುವವರಿಗೆ ಒಂದು ಮಾತು. ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿಕೊಂಡವರ ಒಳಗೆ ಕಸಿವಿಸಿ ಇರುತ್ತದೆ, ಮನೆಗೆ ಹೋಗಿ ಬೈದುಕೊಳ್ಳುತ್ತಾರೆ. ಅಬ್ಲೈಜಿಂಗ್‌ನಲ್ಲಿ ಆ ಕಸಿವಿಸಿ ಇಲ್ಲ. ಪದದ ಅರ್ಥದಲ್ಲೇ ಸಂತೋಷದಿಂದ ಅನ್ನುವುದು ಸೇರಿದೆ. ಇಲ್ಲ ಅನ್ನಲು ಬಾಯಿ ಬರದವರಿಗೆ ಇಂಗ್ಲಿಷಿನಲ್ಲಿ ಬೇರೆ ಪದಗಳಿವೆ, ‘ಕಂಪ್ಲಯಂಟ್’ ಅದರಲ್ಲಿ ಒಂದು. ತಿಳಿಮೋಡ ಅವರಿಗೆ ‘ಹೇಳಿದ್ದಕ್ಕೆಲ್ಲ ತಲೆ ಆಡಿಸುವವರು’ ಅಂತ ಅರ್ಥ ಹೇಳಿದವರು ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅನ್ನಿಸುತ್ತದೆ.


ತಿಳಿಮೋಡ:

ಕೊಕ್ಕೆಪ್ರಶ್ನೆ ಅವರ ಸಾಲು ಎತ್ತಿಕೊಂಡೆ, ಗೆರೆಮೀರಿ ಅವರ ‘ಟ್ರೇನ್ಡ್’ ಕೂಡ ಅದರ ಮುಂದಿನ ವಾಕ್ಯಕ್ಕೆ ಬಂತು. ಹೆಲ್ಪ್‌ಫುಲ್ ಈಗ ಪತ್ರದಲ್ಲಿ ಒಂದೇ ಕಡೆ ಇದೆ, ಅದೂ ಅವರು ಬರೆದ ಟೆಸ್ಟ್ ರಿಪೋರ್ಟುಗಳ ಬಗ್ಗೆ. ಗೆರೆಮೀರಿ ಕೇಳಿದ ಪ್ರಶ್ನೆಯನ್ನು ನಾನೇ ಕೇಳಿಕೊಂಡೆ. ಗಂಡಸಿಗೆ ಬರೆಯುವಾಗ ಬಹುಶಃ ‘ಡಿಪೆಂಡಬಲ್’ ಅಂತ ಹಾಕುತ್ತಿದ್ದೆ. ಅದನ್ನೂ ಸೇರಿಸಿದ್ದೇನೆ, ಇವರಿಗೂ ಅದು ಸಲ್ಲುತ್ತದೆ.

ಕೊನೆಯದಾಗಿ ಎರಡು ಚಿಲ್ಲರೆ ಪ್ರಶ್ನೆ. ಪತ್ರದ ಕೊನೆಗೆ ‘ಕೈಂಡ್ಲಿ ಅಬ್ಲೈಜ್’ ಅಂತ ಹಾಕುವ ರೂಢಿ ಇದೆಯಲ್ಲ, ಇಲ್ಲಿ ಹಾಕಬಹುದಾ? ಮತ್ತೆ ‘ಮಚ್ ಅಬ್ಲೈಜ್ಡ್’ ಅಂದರೆ ಬರೀ ಥ್ಯಾಂಕ್ಸ್ ತಾನೇ?


ಹಳೆಗನ್ನಡಕ:

‘ಮಚ್ ಅಬ್ಲೈಜ್ಡ್’ ಥ್ಯಾಂಕ್ಸೇ, ಸ್ವಲ್ಪ ಹಳೇ ಟೋಪಿ ಹಾಕಿಕೊಂಡಿರುತ್ತದೆ ಅಷ್ಟೆ. ಆದರೆ ‘ಐ ವುಡ್ ಬಿ ಅಬ್ಲೈಜ್ಡ್ ಇಫ್ ಯೂ’ ಅಂತ ಶುರುವಾದರೆ ಹುಷಾರು. ಮೇಲ್ನೋಟಕ್ಕೆ ವಿನಯ, ಒಳಗೆ ಬಹಳ ಸಲ ಸಿಟ್ಟು ಇರುತ್ತದೆ. ‘ಇನ್ನು ಮುಂದೆ ನನ್ನ ಕುರ್ಚಿ ತೆಗೆಯದಿದ್ದರೆ ಉಪಕಾರ ಆಗುತ್ತಿತ್ತು’ ಅಂತ ನಾವೂ ಹೇಳುತ್ತೇವಲ್ಲ, ಅದೇ ರಾಗ.

‘ಕೈಂಡ್ಲಿ ಅಬ್ಲೈಜ್’ ಇಲ್ಲಿ ಬೇಡ. 19ನೇ ಶತಮಾನದ ಕಾಗದಗಳಲ್ಲಿ ಕೋರಿಕೆ ಬರೆದು ‘ಆ್ಯಂಡ್ ಅಬ್ಲೈಜ್’ ಅಂತ ಸೇರಿಸಿ ಸಹಿ ಹಾಕುವ ಪದ್ಧತಿ ಇತ್ತು. ಇದೂ ಆ ಕಾಲದ ಧಾಟಿಯೇ. ರಜೆ ಅರ್ಜಿಗೆ ನಡೆಯುತ್ತದೆ. ನೀವು ಇಲ್ಲಿ ಏನನ್ನೂ ಬೇಡುತ್ತಿಲ್ಲ, ಒಬ್ಬರ ಬಗ್ಗೆ ಸಾಕ್ಷಿ ಹೇಳುತ್ತಿದ್ದೀರಿ.

ಪತ್ರದ ವಿಷಯ ಫೋನಿನಲ್ಲಿ ಮಾತಾಡುವ ಸಂದರ್ಭ ಬಂದರೆ ಉಚ್ಚಾರಣೆಯೂ ಇರಲಿ. ಒತ್ತು ‘ಬ್ಲೈ’ ಮೇಲೆ, ಮೊದಲ ಅಕ್ಷರ ತೇಲಿಸಿ ‘ಅ’ ಅನ್ನಿ, ‘ಓ’ ಅಂತ ಎಳೆಯಬೇಡಿ. 18ನೇ ಶತಮಾನದಲ್ಲಿ ಇದನ್ನು ‘ಒಬ್ಲೀಜ್’ ಅಂತಲೂ ಹೇಳುತ್ತಿದ್ದರು. ಪೋಪ್ ಅವರ ಆ ಸಾಲಿನಲ್ಲಿ ‘ಅಬ್ಲೈಜ್ಡ್’ಗೆ ಪ್ರಾಸವಾಗಿ ಬಂದಿರುವ ಪದ ‘ಬಿಸೀಜ್ಡ್’, ಮುತ್ತಿಗೆಗೆ ಸಿಕ್ಕಿದ ಅಂತ ಅರ್ಥ. ಈಗ ಹಾಗಂದರೆ ಯಾರಿಗೂ ತಿಳಿಯಲ್ಲ.


ಗೆರೆಮೀರಿ:

‘ಡಿಪೆಂಡಬಲ್’ ಸೇರಿಸಿದ್ದು ಒಳ್ಳೇದಾಯಿತು. ಕಳಿಸುವ ಮುಂಚೆ ಕಾಗುಣಿತ ಒಮ್ಮೆ ನೋಡಿ. ‘ಅಬ್ಲೈಜ್’ಗೆ ಐಎನ್‌ಜಿ ಸೇರಿಸುವಾಗ ಕೊನೆಯ ಇ ಬಿದ್ದುಹೋಗುತ್ತದೆ. ಬಹಳ ಜನ ಅದನ್ನು ಹಾಗೇ ಬಿಟ್ಟಿರುತ್ತಾರೆ.